ಸಿಮೆಂಟ್ ಚೀಲಕ್ಕೆ ತೂಕ ಉಂಟು. ಜಲ್ಲಿ ಲೋಡಿಗೆ ಅಳತೆ ಎಲ್ಲಿ?

ದಾವಣಗೆರೆ: "ಸಿಮೆಂಟ್ ರೇಟು ಇಳೀತಂತಲ್ಲ, ಮೋಲ್ಡ್ ಹಾಕಿಸಿಬಿಡ್ರಿ ಇನ್ನ" ಎಂಬ ಮಾತು ಹರಿಹರದ ಬಸ್ಸಿನಲ್ಲೂ ಮಂಡಿಪೇಟೆಯ ಅಂಗಡಿ ಕಟ್ಟೆಯ ಮೇಲೂ ಓಡಾಡುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಖರೆ. ಆದರೆ ತಾರಸಿ ಆಗುವುದು ಬರೀ ಸಿಮೆಂಟಿನಿಂದಲ್ಲ. ಮರಳು, ಜಲ್ಲಿ, ನೀರು ಸೇರಿದರೇ ಕಾಂಕ್ರೀಟು. ಕಂಟ್ರಾಕ್ಟರಿಗೆ ಒಪ್ಪಿಸದೆ, ಸಾಮಾನು ತಾನೇ ತರಿಸಿ, ಮೇಸ್ತ್ರಿಯನ್ನು ಕೂಲಿಗೆ ಹಿಡಿದು, ತಾನೇ ನಿಂತು ಮನೆ ಕಟ್ಟಿಸುವ ಬಡವ-ಮಧ್ಯಮದವನಿಗೆ ಸರ್ಕಾರ ಬಿಟ್ಟುಕೊಟ್ಟ ಆ ದುಡ್ಡು ಕೊನೆಗೆ ಯಾರ ಜೇಬಿಗೆ ಹೋಗುತ್ತಿದೆ ಎಂಬುದೇ ಪ್ರಶ್ನೆ.

ಪರ್ಮಿಟ್ಟಿನ ಕಾಲ ಹೋಯಿತು

ಹಳಬರಿಗೆ ನೆನಪಿದೆ. ಹಿಂದೆ ಹತ್ತು ಚೀಲ ಸಿಮೆಂಟು ಬೇಕೆಂದರೂ ಅರ್ಜಿ ಬರೆದು ಪರ್ಮಿಟ್ಟಿಗೆ ಕಾಯಬೇಕಿತ್ತು. 1982ರ ಫೆಬ್ರವರಿಯಲ್ಲಿ ಕಂಟ್ರೋಲು ಅರ್ಧ ಸಡಿಲವಾಯಿತು, 1989ರ ಮಾರ್ಚಿಯಲ್ಲಿ ಪೂರ್ತಿ ಹೋಯಿತು. ಅಂದಿನಿಂದ ಕಂಪನಿ ಹೇಳಿದ್ದೇ ದರ. ಕಂಪನಿಗಳು ಒಳಗೊಳಗೇ ಕೂಡಿಕೊಂಡು ದರ ಏರಿಸಿವೆ ಎಂದು ಭಾರತ ಸ್ಪರ್ಧಾ ಆಯೋಗ 2012ರಲ್ಲಿ ಹನ್ನೊಂದು ಕಂಪನಿಗಳ ಮೇಲೆ ಆರು ಸಾವಿರ ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. 2015ರಲ್ಲಿ ಆ ಆದೇಶ ರದ್ದಾಯಿತು, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು, 2018ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಕೋರ್ಟು ಕಚೇರಿ ಮುಗಿಯುವ ತನಕ ಮನೆ ಕಟ್ಟುವವನು ಕಾಯಲಾರ.

ಅಷ್ಟಾದರೂ ಸಿಮೆಂಟು ಚೀಲದ ಮೇಲೆ 50 ಕೆ.ಜಿ. ಎಂದು ತೂಕ ಅಚ್ಚಾಗಿರುತ್ತದೆ. ಗರಿಷ್ಠ ದರ ಇರುತ್ತದೆ. ಯಾವ ವಾರ, ಯಾವ ವರ್ಷ ತಯಾರಾಯಿತು ಎಂಬುದೂ ಇರುತ್ತದೆ. ಮೋಸವಾದರೆ ಕೇಳಲಿಕ್ಕೆ ಒಂದು ಆಧಾರವಿದೆ.

ಒಂದು ತಾರಸಿಯ ಲೆಕ್ಕ

600 ಚದರಡಿ ತಾರಸಿ, ಐದಂಗುಲ ದಪ್ಪ ಎಂದಿಟ್ಟುಕೊಳ್ಳಿ. 250 ಘನ ಅಡಿ ಕಾಂಕ್ರೀಟು ಬೇಕು. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಎಂ-20ಕ್ಕಿಂತ ಕಮ್ಮಿ ಸಲ್ಲದು ಎನ್ನುತ್ತದೆ ಭಾರತೀಯ ಮಾನಕ. ಮೇಸ್ತ್ರಿಗಳ ಭಾಷೆಯಲ್ಲಿ ಅದು ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಈ ಲೆಕ್ಕಕ್ಕೆ ಸುಮಾರು 57 ಚೀಲ ಸಿಮೆಂಟು, 107 ಘನ ಅಡಿ ಮರಳು, 214 ಘನ ಅಡಿ ಜಲ್ಲಿ ಹಿಡಿಯುತ್ತದೆ. ಬೀಮು, ಲಿಂಟಲು, ಸಜ್ಜಾ ಬೇರೆ.

ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಹಿಡಿದರೆ, ಹಳೇ ತೆರಿಗೆಯಲ್ಲಿ 384, ಹೊಸದರಲ್ಲಿ 354. ಚೀಲಕ್ಕೆ 30 ರೂಪಾಯಿ ಉಳಿತಾಯ. ಅದೂ ಕಂಪನಿ, ಡೀಲರು ಪೂರ್ತಿ ಬಿಟ್ಟುಕೊಟ್ಟರೆ! 57 ಚೀಲಕ್ಕೆ 1,710 ರೂಪಾಯಿ.

ಈಗ ಮರಳು-ಜಲ್ಲಿಗೆ ಬನ್ನಿ. ಎರಡೂ ಸೇರಿ ಸುಮಾರು 320 ಘನ ಅಡಿ. ಲೋಡಿನಲ್ಲಿ ಹತ್ತಕ್ಕೆ ಒಂದು ಪಾಲು ಕಮ್ಮಿ ಬಂದರೆ ಹೋದದ್ದು 32 ಘನ ಅಡಿ. ಘನ ಅಡಿಗೆ ಸರಾಸರಿ 50 ರೂಪಾಯಿ ಹಿಡಿದರೂ 1,600 ರೂಪಾಯಿ ಖೋತಾ. ದಿಲ್ಲಿಯಲ್ಲಿ ಕೊಟ್ಟದ್ದು ಟ್ರಾಲಿಯಲ್ಲಿ ಇಳಿದುಹೋಯಿತು!

"ನೂರಡಿ ಐತ್ರಿ, ಕಣ್ಣಿಗೇ ಕಾಣ್ತದಲ್ಲ"

ಒಂದು ಕಾಲಕ್ಕೆ ಹರಿಹರ, ಹೊನ್ನಾಳಿ ಕಡೆಯ ತುಂಗಭದ್ರೆ ಮರಳೇ ಈ ಊರಿನ ಮನೆಗಳಿಗೆಲ್ಲ ಆಧಾರ. ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಹೊಳೆ ಮರಳು ಬಿಗಿಯಾಯಿತು, ಕ್ರಷರಿನ ಎಂ-ಸ್ಯಾಂಡು ಬಂತು. ಮರಳು ಬದಲಾಯಿತು, ಅಳತೆಯ ಪದ್ಧತಿ ಮಾತ್ರ ಬದಲಾಗಲಿಲ್ಲ. ಕ್ರಷರಿನಲ್ಲಿ ಟನ್ನಿನ ಲೆಕ್ಕದಲ್ಲಿ ಹೊರಟ ಮಾಲು ಎಷ್ಟೋ ಕಡೆ ಮನೆ ಮುಂದೆ ಇಳಿಯುವಾಗ 'ಅಡಿ'ಯಾಗಿರುತ್ತದೆ. "ನೂರಡಿ ಐತ್ರಿ, ಕಣ್ಣಿಗೇ ಕಾಣ್ತದಲ್ಲ" ಎಂದು ಡ್ರೈವರು ಟ್ರಾಲಿ ಎತ್ತಿಬಿಟ್ಟನೆಂದರೆ ಮುಗಿಯಿತು. ನೆಲಕ್ಕೆ ಬಿದ್ದ ಗುಡ್ಡೆಯನ್ನು ಅಳೆಯುವವರು ಯಾರು?

ಮಾಲು ಇಳಿಸುವ ಮುಂಚೆಯೇ ಮಟ್ಟ ಮಾಡಿಸಿ ಟ್ರಾಲಿಯ ಒಳಗೆ ಟೇಪು ಹಿಡಿಯಬೇಕು. ಉದ್ದ, ಅಗಲ, ಎತ್ತರ ಗುಣಿಸಿದರೆ ಲೆಕ್ಕ ಕೈಯಲ್ಲಿರುತ್ತದೆ. ಒಂಬತ್ತಡಿ ಉದ್ದ, ಐದಡಿ ಅಗಲ, ಎರಡಡಿ ಎತ್ತರ ಇದ್ದರೆ ತೊಂಬತ್ತೇ ಹೊರತು ನೂರಲ್ಲ.

ಹಸಿ ಮರಳಿನದು ಇನ್ನೊಂದು ಆಟ. ಸ್ವಲ್ಪ ತೇವವಿರುವ ಮರಳು ಉಬ್ಬುತ್ತದೆ. ಶೇ. 5ರಷ್ಟು ತೇವವಿದ್ದರೂ ನೂರು ಘನ ಅಡಿ ಮರಳು ನೂರಿಪ್ಪತ್ತರ ಜಾಗ ಹಿಡಿಯಬಹುದು. ಪರೀಕ್ಷೆ ಸುಲಭ. ಉದ್ದನೆ ಗಾಜಿನ ಜಾಡಿಗೆ ಆರಂಗುಲ ಮರಳು ಸಡಿಲವಾಗಿ ಹಾಕಿ, ಮುಳುಗುವಷ್ಟು ನೀರು ಬಿಟ್ಟು ಕಲಕಿ, ಕೂರಲು ಬಿಡಿ. ಐದಂಗುಲಕ್ಕೆ ಇಳಿದರೆ, ಆರು ಲೋಡಿಗೆ ದುಡ್ಡು ಕೊಟ್ಟು ಐದು ಲೋಡು ತಂದಂತಾಯಿತು.

ಎಲ್ಲಿ ಉಳಿಸಬಾರದು?

ಲೋಡಿನಲ್ಲಿ ಕಳೆದುಕೊಂಡವನು ಅದನ್ನು ತುಂಬಿಕೊಳ್ಳಲು ಹೋಗುವುದು ಸಿಮೆಂಟಿನಲ್ಲಿ. ಕೆಡುವುದು ಅಲ್ಲೇ. 57ರ ಕಡೆ 50 ಚೀಲಕ್ಕೆ ಮುಗಿಸಿದರೆ ಕೈಗೆ ಉಳಿಯುವುದು ಎರಡೂವರೆ ಸಾವಿರದೊಳಗೆ. ತಾರಸಿ ಸೋರಿ, ಕಬ್ಬಿಣ ತುಕ್ಕು ಹಿಡಿದು, ಸಿಮೆಂಟು ಚಕ್ಕೆ ಎದ್ದಾಗ ಆ ದುಡ್ಡು ಒಂದು ದಿನದ ಕೂಲಿ-ಸಾಮಾನಿಗೂ ಸಾಲದು.

ನೀರಿನದೂ ಅಷ್ಟೇ. ಎಂ-20ಕ್ಕೆ ಚೀಲವೊಂದಕ್ಕೆ 30 ಲೀಟರ್ ಮೀರಬಾರದು. ಅಂದರೆ ಹದಿನೈದು ಲೀಟರಿನ ಎರಡು ಕೊಡ, ಮರಳಿನ ತೇವವೂ ಸೇರಿ. "ಯಜಮಾನ್ರೆ, ಗಟ್ಟಿ ಆದ್ರೆ ಕಂಬಿ ಸಂದಿಗೆ ಇಳಿಯಂಗಿಲ್ಲ, ಇನ್ನೊಂದ್ ಕೊಡ ಬಿಡ್ಲಿ" ಎನ್ನುತ್ತಾನೆ ಮೇಸ್ತ್ರಿ. ಆ ಮೂರನೇ ಕೊಡದಿಂದ ಕೆಲಸ ಸಲೀಸು, ಕಾಂಕ್ರೀಟು ಪೊಳ್ಳು. ಮೋಲ್ಡ್ ಹಾಕುವಾಗ ಬೇಡವಾದ ನೀರು ಆಮೇಲೆ ಬೇಕು. ಮಾಮೂಲಿ ಸಿಮೆಂಟಿಗೆ ಏಳು ದಿನ, ಹಾರುಬೂದಿ ಬೆರೆಸಿದ ಪಿ.ಪಿ.ಸಿ.ಗೆ ಹತ್ತು ದಿನವಾದರೂ ತಾರಸಿ ಒಣಗಬಾರದು. ಇದಕ್ಕೆ ಮನೆಯವರ ಮೈಗೆಲಸ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.

ಹಳ್ಳಿಯವರ ಪಾಡು ಇನ್ನೂ ಇಕ್ಕಟ್ಟು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದ್ದು 2016ರಲ್ಲಿ. 2024ರಲ್ಲಿ ಯೋಜನೆ ಮುಂದುವರಿದಾಗಲೂ ಮೊತ್ತ ಅದೇ. ಮನೆ 25 ಚದರ ಮೀಟರಿಗೆ ಕಮ್ಮಿ ಇರಬಾರದು. ಅಷ್ಟು ತಾರಸಿಗೇ 26 ಚೀಲ ಸಿಮೆಂಟು ಬೇಕು. ಇಂಥವನ ಲೋಡಿನಲ್ಲಿ ಹತ್ತರಲ್ಲಿ ಒಂದು ಪಾಲು ಕಡಿದರೆ ಅವನು ಅದನ್ನು ಎಲ್ಲಿಂದ ತರಬೇಕು?

ತಕ್ಕಡಿಗೊಂದು ನ್ಯಾಯ, ಟ್ರಾಲಿಗೊಂದು?

ಕಿರಾಣಿ ಅಂಗಡಿಯವನು ಕಾಲಕಾಲಕ್ಕೆ ತಕ್ಕಡಿ-ಬಟ್ಟಿಗೆ ಸರ್ಕಾರಿ ಮುದ್ರೆ ಹಾಕಿಸಬೇಕು, ತಪ್ಪಿದರೆ ದಂಡ. ಕಾಲು ಕೆ.ಜಿ. ಬೇಳೆಗೆ ಇಷ್ಟು ಕಟ್ಟುನಿಟ್ಟು. ಸಾವಿರಾರು ರೂಪಾಯಿಯ ಜಲ್ಲಿ ಲೋಡು ಮಾತ್ರ ಡ್ರೈವರಿನ ಬಾಯಿ ಮಾತಿನಲ್ಲಿ ವ್ಯಾಪಾರವಾಗುತ್ತದೆ. ಟ್ರಾಲಿ, ಟಿಪ್ಪರಿನ ಒಳ ಅಳತೆಯನ್ನು ಹೊರಗಡೆ ಬಣ್ಣದಲ್ಲಿ ಬರೆಸುವುದಕ್ಕೆ, ಲೋಡಿನ ಜೊತೆ ವೇಬ್ರಿಡ್ಜ್ ಚೀಟಿ ಕೊಡಿಸುವುದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ಜಿಲ್ಲಾಡಳಿತ, ಅಳತೆ-ತೂಕದ ಇಲಾಖೆ ಮನಸ್ಸು ಮಾಡಿದರೆ ಸಾಕು.

ಅಲ್ಲಿಯವರೆಗೆ ಮನೆ ಕಟ್ಟಿಸುವವರು ಗುದ್ದಲಿಪೂಜೆಯ ದಿನವೇ ಒಂದು ಟೇಪು ಕೊಂಡಿಟ್ಟುಕೊಳ್ಳುವುದು ಮೇಲು. ಲೋಡು ನೆಲಕ್ಕೆ ಬಿದ್ದ ಮೇಲೆ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ.