ಹೆರಿಗೆ ಆಪರೇಷನ್: ತಾಲ್ಲೂಕಿಗೆ ಒಂದೇ ಕಡೆ ಸಾಕೇ?

ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಚದುರಿರುವ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದು, ಸಿಸೇರಿಯನ್ ಅಲ್ಲಿ ಮಾತ್ರ ಮಾಡಿಸುವುದು ಸರಿಯೇ?

ಪರ

30 ಹಾಸಿಗೆಯ ಕೇಂದ್ರಕ್ಕೆ ಒಬ್ಬ ಪ್ರಸೂತಿ ತಜ್ಞೆಯನ್ನು ಹಾಕಿದ ಮಾತ್ರಕ್ಕೆ ಅಲ್ಲಿ ಸಿಸೇರಿಯನ್ ಆಗುವುದಿಲ್ಲ. ಅರಿವಳಿಕೆ ಕೊಡುವವರು ಬೇಕು. ಹುಟ್ಟಿದ ಮಗು ಅಳದಿದ್ದರೆ ಮಕ್ಕಳ ವೈದ್ಯರು ಬೇಕು. ರಕ್ತ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ನಡುರಾತ್ರಿ ಗರ್ಭಿಣಿಯ ಕೈಗೆ ಸಿಗುವುದು 'ಮುಂದಿನ ಆಸ್ಪತ್ರೆಗೆ ಹೋಗಿ' ಎಂಬ ಚೀಟಿ. ಹತ್ತಿರದ ಆಸ್ಪತ್ರೆಯೆಂದು ನಂಬಿ ಬಂದು ಕಳೆದ ಆ ಒಂದು ಗಂಟೆ ಅವಳಿಗೆ ಮರಳಿ ಸಿಗುವುದಿಲ್ಲ.

ಒಬ್ಬರೇ ತಜ್ಞರಿದ್ದರೆ ಅವರ ರಜೆಯ ದಿನ ಥಿಯೇಟರಿಗೆ ಬೀಗ. ತಿಂಗಳಿಡೀ ಹಗಲು ರಾತ್ರಿ ಒಬ್ಬರೇ ಸಿದ್ಧವಾಗಿರಬೇಕೆಂದು ಕೇಳುವುದು ಕ್ರೌರ್ಯ. ಎಷ್ಟೋ ಯುವ ವೈದ್ಯರು ಸರ್ಕಾರಿ ಕೆಲಸ ಬಿಡುವುದು ಇದೇ ದಣಿವಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬಿಬ್ಬರಿದ್ದರೆ ಪಾಳಿ ಹಾಕಬಹುದು. ಹೆಚ್ಚು ಹೆರಿಗೆ ನೋಡುವುದರಿಂದ ಕೈ ಪಳಗುವುದೂ ಅಲ್ಲಿಯೇ. ಗರ್ಭಕೋಶ ಬಿಗಿಯದೆ ರಕ್ತ ಸುರಿಯತೊಡಗಿದಾಗ ಪುಸ್ತಕ ನೆನಪಿಸಿಕೊಳ್ಳುತ್ತಾ ನಿಲ್ಲಲಾಗದು. ಸಿಸೇರಿಯನ್ ಮತ್ತು ರಕ್ತ ಎರಡೂ ಸಿಗುವ ಕೇಂದ್ರ 5 ಲಕ್ಷ ಜನಕ್ಕೆ ಕನಿಷ್ಠ ಒಂದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯೇ ಹಾಕಿಕೊಟ್ಟ ಅಳತೆ. ಅರೆಬರೆ ಹತ್ತಕ್ಕಿಂತ ಎಂದೂ ಬಾಗಿಲು ಮುಚ್ಚದ ಒಂದು ಮೇಲು.

ವಿರೋಧ

ಆ ಅಳತೆಯನ್ನು ಜೊಯಿಡಾಕ್ಕೆ ತಂದು ಹಿಡಿಯಿರಿ. 2011ರ ಜನಗಣತಿಯಲ್ಲಿ ಇಡೀ ತಾಲ್ಲೂಕಿನ ಜನ ಸುಮಾರು 52 ಸಾವಿರ, ಉಳಿದದ್ದು ಕಾಡು. ತಲೆ ಎಣಿಸುತ್ತಾ ಹೋದರೆ ಇಂಥ ತಾಲ್ಲೂಕಿಗೆ ಒಂದು ಥಿಯೇಟರೂ ದಕ್ಕದು. ಹೆರಿಗೆಯ ನಂತರದ ರಕ್ತಸ್ರಾವ ಎರಡು ಗಂಟೆಯಲ್ಲಿ ತಾಯಿಯ ಜೀವ ತೆಗೆಯಬಲ್ಲದು. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಮರ ಬಿದ್ದರೆ ಆ ಎರಡು ಗಂಟೆ ಅಲ್ಲೇ ಮುಗಿಯುತ್ತದೆ. 108ಕ್ಕೆ ಕರೆ ಮಾಡಲು ಮೊದಲು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕಾದ ಊರುಗಳೂ ಇವೆ.

ತಜ್ಞರ ಕೊರತೆ ನಿಜ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ತರಬೇತಿ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇದ್ದೇ ಇದೆ. ಅಂಥವರನ್ನು ತಯಾರು ಮಾಡಿ, ರಕ್ತ ಸಂಗ್ರಹ ಘಟಕ ತೆರೆದು, ಆಮೇಲೆ ಲೆಕ್ಕ ಹಾಕಲಿ. ತಜ್ಞೆ ಊರು ಬಿಟ್ಟರೆ ಸಿಸೇರಿಯನ್ ಜೊತೆಗೆ ಬಸುರಿಯರ ತಪಾಸಣೆಯೂ ಸೊರಗುತ್ತದೆ.

ದಿನ ತುಂಬುವ ಮೊದಲೇ ತಾಲ್ಲೂಕು ಕೇಂದ್ರಕ್ಕೆ ಬಂದು ಇರಲಿ ಎನ್ನುತ್ತಾರೆ. ಎರಡನೆಯದನ್ನು ಹೆರುವವಳು ಮೊದಲನೆಯ ಮಗುವನ್ನು ಯಾರ ಮಡಿಲಿಗೆ ಹಾಕಿ ಬರಬೇಕು? ಕೂಲಿ ಬಿಟ್ಟು ಅವಳ ಜೊತೆ ವಾರಗಟ್ಟಲೆ ಕೂರುವವರು ಯಾರು?