ನಿವೃತ್ತಿ ಯಾರಿಗೆ?

ನಿವೃತ್ತಿಯೆಂಬ ಮಾತು ಸಂಬಳದ ಬೆನ್ನಿಗೆ ಬಂದುದು. ಬೆಳ್ಳಿತೆರೆಯಲ್ಲಿಯೂ ಅದು ಬಹುಕಾಲ ಸಂಬಳಗಾರನ ಸ್ವತ್ತಾಗಿತ್ತು. 1958ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿ ತಾವೇ ನಟಿಸಿದ ‘ಸ್ಕೂಲ್ ಮಾಸ್ಟರ್’, ಮಕ್ಕಳ ದೆಸೆಯಿಂದ ಮುಪ್ಪಿನಲ್ಲಿ ಅಗಲಬೇಕಾದ ಉಪಾಧ್ಯಾಯ ದಂಪತಿಗಳ ಕಥೆ. 2015ರ ‘ತಿಥಿ’ ಆ ಎಲ್ಲೆಯನ್ನು ಸದ್ದಿಲ್ಲದೆ ದಾಟಿತು. ನಿರ್ದೇಶಕ ರಾಮ್ ರೆಡ್ಡಿಯವರು ಮಂಡ್ಯದ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿಸಿ, ಅವರ ನುಡಿಯನ್ನೇ ಆಡಿಸಿದರು. ಅದರ ಗಡ್ಡಪ್ಪನಿಗೆ ಪಿಂಚಣಿಯಿಲ್ಲ, ಬೀಳ್ಕೊಡುಗೆಯ ಹಾರವಿಲ್ಲ. ಹೊಲದ ಹಂಬಲ ತೊರೆದು ಅಲೆಯುವುದೇ ಆತನ ನಿವೃತ್ತಿ.

ಆದರೆ ಮಾಸ್ತರರೂ ಗಡ್ಡಪ್ಪನೂ ಗಂಡಸರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಇನ್ನೊಂದು ಮುಖ ನೆನಪಾಗದಿರದು. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಆ ಕಾಯಿಯ ತೊಟ್ಟು ಬಿಡಿಸುವವರು ಬಹುಮಟ್ಟಿಗೆ ಕೂಲಿಯ ಹೆಂಗಸರು. ಅರವತ್ತು ತುಂಬಿದರೆ ಅವರಿಗೆ ಬಿಡುಗಡೆಯ ಪತ್ರ ಬಾರದು. ಸಂಜೆ ಉರಿಯುವ ಕೈಗಳಿಂದಲೇ ಒಲೆ ಹೊತ್ತಿಸಬೇಕು.

ಈ ಪಾಡು ಪೇಟೆಯದಷ್ಟೇ ಅಲ್ಲ. ಯಜಮಾನರು ನಿವೃತ್ತರಾದ ಮರುದಿನವೂ ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಅದನ್ನು ತಂದವರ ನಿವೃತ್ತಿ ಎಂದೆಂದು ಕೇಳುವವರಿಲ್ಲ. ತೆರೆಯ ಮೇಲೆ ಕಾಣದವರ ದಣಿವು ಮನೆಯಲ್ಲಿಯೂ ಕಾಣದೆ ಹೋಗುತ್ತದೆ. ಅಂಥವಳೊಬ್ಬಳ ವಿಶ್ರಾಂತಿಯನ್ನು ಕುರಿತ ಚಿತ್ರಕ್ಕೆ ಗದ್ದಲವೇನೂ ಬೇಕಿಲ್ಲ. ಆಕೆ ಸುಮ್ಮನೆ ಕುಳಿತ ಒಂದು ಸಂಜೆ ಸಾಕು.