ಹುಟ್ಟಿಸಿ ಓಡಿಹೋದವನು

"ಅಮ್ಮಾ, ನಿನ್ನ ಫ್ರಾಂಕನ್‌ಸ್ಟೈನ್ ಮತ್ತೆ ಬರ್ತಿದಾನೆ!" 2025ರಲ್ಲಿ ಒಂದು ದಿನ ಬೆಂಗಳೂರಿನಿಂದ ಮಗಳು ಫೋನು ಮಾಡಿ ಹೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

"ಯಾರು? ಅಪ್ಪನೋ, ಮಗನೋ?" ಎಂದೆ.

"ಅದೇ ಅಮ್ಮ, ಆ ರಾಕ್ಷಸ. ಹೊಸ ಸಿನಿಮಾ."

ನನಗೆ ರೇಗಿತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳ ಮಗಳೇ ಹೀಗೆಂದರೆ ಹೇಗೆ? ಫ್ರಾಂಕನ್‌ಸ್ಟೈನ್ ಎನ್ನುವುದು ರಾಕ್ಷಸನ ಹೆಸರಲ್ಲ, ಅವನನ್ನು ಮಾಡಿದವನ ಹೆಸರು. ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ, ಒಳ್ಳೆಯ ಮನೆತನದ, ಓದಿದ ಹುಡುಗ. ಅವನ ಕೈಯಲ್ಲಿ ಜೀವ ಪಡೆದವನಿಗೆ ಹೆಸರೇ ಇಲ್ಲ. ಹೆಸರಿಡುವಷ್ಟು ಹೊತ್ತು ಅಪ್ಪ ನಿಂತಿದ್ದರೆ ತಾನೆ!

ಈ ಕಥೆಯ ಮೊದಲ ಸಿನಿಮಾ ಮಾಡಿದ್ದು 1910ರಲ್ಲಿ, ಎಡಿಸನ್ ಕಂಪನಿಯವರು. ಅಲ್ಲಿಂದ ಇಲ್ಲಿಯವರೆಗೆ ನಿಂತಿಲ್ಲ. ಒಂದು ಬಂದು ಹೋಗುವಷ್ಟರಲ್ಲಿ ಇನ್ನೊಂದರ ಸುದ್ದಿ ಹುಟ್ಟುತ್ತದೆ. ಪ್ರತಿಸಲವೂ ಜನ ಕಾಯುವುದು ಒಂದಕ್ಕೇ: ಈ ಸಲ ರಾಕ್ಷಸನ ಮುಖ ಹೇಗಿರುತ್ತದೆ? ಹೊಲಿಗೆ ಎಲ್ಲೆಲ್ಲಿ? ನಾನು ಕಾಯುವುದು ಬೇರೊಂದಕ್ಕೆ. ಅದಕ್ಕಾಗಿಯೇ ಸಿನಿಮಾದವರ ಜೊತೆ ನನ್ನದೊಂದು ಹಳೆಯ ಜಗಳ. ಮುಂದಿನದು ಬರುವ ಮೊದಲೇ ಅದನ್ನು ಆಡಿ ಮುಗಿಸಿಬಿಡುತ್ತೇನೆ.

ನಾನು ಮೊದಲು ನೋಡಿದ್ದೂ ಸಿನಿಮಾವನ್ನೇ. ಪಿಯುಸಿಯಲ್ಲಿದ್ದೆ. ಸೋದರಮಾವನ ಮನೆಯ ಗೃಹಪ್ರವೇಶದ ರಾತ್ರಿ ಹುಡುಗರು ವಿಸಿಆರ್ ಬಾಡಿಗೆಗೆ ತಂದಿದ್ದರು. ಎರಡು ಕನ್ನಡ ಚಿತ್ರ ಮುಗಿದ ಮೇಲೆ ಯಾರೋ ಆ ಕಪ್ಪುಬಿಳುಪಿನ ಇಂಗ್ಲಿಷ್ ಕ್ಯಾಸೆಟ್ ಹಾಕಿದರು. ಜೇಮ್ಸ್ ವೇಲ್ 1931ರಲ್ಲಿ ಮಾಡಿದ ಚಿತ್ರ ಅದು. ಚಪ್ಪಟೆ ತಲೆಯ, ಕತ್ತಿನಲ್ಲಿ ಕಬ್ಬಿಣದ ಗೂಟವಿರುವ ಬೋರಿಸ್ ಕಾರ್ಲಾಫ್ ಬಂದಾಗ ಹುಡುಗರು ಶಿಳ್ಳೆ ಹೊಡೆದರು, ನಾನು ಚಾಪೆಯ ಮೇಲೆ ಮುಸುಕೆಳೆದುಕೊಂಡೆ. ಬಿ.ಎ. ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಸಿಕ್ಕಿತು. ಹೆದರಲೆಂದು ತೆಗೆದವಳು ಅತ್ತು ಮುಗಿಸಿದೆ. ಎರಡೂ ಒಂದೇ ಕಥೆ ಎಂದು ನನಗೆ ಇವತ್ತಿಗೂ ನಂಬಿಕೆಯಿಲ್ಲ.

ಬರೆದವಳು ಯಾರು ನೋಡಿ. ಮೇರಿ ಶೆಲ್ಲಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಷ್ಟು ಹಿಂದೆಯೇ ಹೆಣ್ಣಿಗೂ ಗಂಡಿನಷ್ಟೇ ವಿದ್ಯೆ ಬೇಕೆಂದು ವಾದಿಸಿ ಪುಸ್ತಕ ಬರೆದಾಕೆ. ಮಗಳು ಹುಟ್ಟಿ ಹನ್ನೊಂದು ದಿನಕ್ಕೆ ಬಾಣಂತಿ ನಂಜಿನಿಂದ ತೀರಿಕೊಂಡಳು. ಆ ಮಗಳು ಹದಿನೇಳು ವರ್ಷಕ್ಕೇ, 1815ರಲ್ಲಿ, ದಿನ ತುಂಬದ ಹೆಣ್ಣುಕೂಸನ್ನು ಹೆತ್ತಳು. ಅದು ಎರಡು ವಾರವೂ ಉಳಿಯಲಿಲ್ಲ. ಕೂಸು ಸತ್ತಿಲ್ಲ, ಬರೀ ತಣ್ಣಗಾಗಿದೆ, ಬೆಂಕಿಯ ಮುಂದೆ ಉಜ್ಜಿದರೆ ಮತ್ತೆ ಉಸಿರಾಡಿತು ಎಂದು ಕನಸು ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಸತ್ತದ್ದಕ್ಕೆ ಜೀವ ಬರುವ ಕಥೆ ಅವಳಿಗೆ ಎಲ್ಲಿಂದ ಹೊಳೆಯಿತು ಎಂದು ಪಂಡಿತರು ತರ್ಕ ಮಾಡುತ್ತಾರೆ. ಮಗು ಕಳೆದುಕೊಂಡ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು.

ಕಾದಂಬರಿ ಶುರುವಾದದ್ದು 1816ರ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಂಡೆಯಲ್ಲಿ. ಹಿಂದಿನ ವರ್ಷ ತಂಬೋರಾ ಅಗ್ನಿಪರ್ವತ ಸಿಡಿದು ಜಗತ್ತಿನ ಹವೆಯೇ ಕೆಟ್ಟಿತ್ತು. ಬೇಸಿಗೆ ಎಂಬುದು ಹೆಸರಿಗೆ, ಸುರಿದದ್ದೆಲ್ಲ ಮಳೆ. ಮನೆಯೊಳಗೆ ಕೂತು ಬೇಸರಗೊಂಡ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ದೊಡ್ಡ ದೊಡ್ಡ ಕವಿಗಳು ಅರ್ಧಕ್ಕೆ ಕೈಬಿಟ್ಟರು. ಹದಿನೆಂಟರ ಹುಡುಗಿ ಬಿಡಲಿಲ್ಲ. ಆಗ ಅವಳ ಮಗ ವಿಲಿಯಂಗೆ ಇನ್ನೂ ವರ್ಷ ತುಂಬಿರಲಿಲ್ಲ. ಬರೆದು ಮುಗಿಸುವ ಹೊತ್ತಿಗೆ, 1817ರಲ್ಲಿ, ಮತ್ತೆ ಬಸುರಿ. ಕಂಕುಳಲ್ಲೊಂದು, ಹೊಟ್ಟೆಯಲ್ಲೊಂದು. ನಾವು ಮಕ್ಕಳನ್ನು ಮಲಗಿಸಿ ಉತ್ತರಪತ್ರಿಕೆ ತಿದ್ದುತ್ತೇವಲ್ಲ, ಹಾಗೆ ಅವಳು ಬರೆದಿರಬೇಕು.

ಈಗ ಕಥೆಯ ಆ ರಾತ್ರಿಗೆ ಬನ್ನಿ. ಸಿನಿಮಾದಲ್ಲಿ ಗುಡುಗು, ಮಿಂಚು, ಕಿಡಿ ಕಾರುವ ಯಂತ್ರಗಳು. ಪುಸ್ತಕದಲ್ಲಿ ಒಂದು ನವೆಂಬರ್ ರಾತ್ರಿ, ಹೊರಗೆ ಜಿಟಿಜಿಟಿ ಮಳೆ, ಮುಗಿಯುತ್ತ ಬಂದ ಮೇಣದಬತ್ತಿ. ಎಂಟು ಅಡಿಯ ಆ ದೇಹ ಕಣ್ಣು ತೆರೆಯುತ್ತದೆ. ಎರಡು ವರ್ಷ ಅನ್ನ ನಿದ್ದೆ ಬಿಟ್ಟು ಅದನ್ನು ಮಾಡಿದ ವಿಕ್ಟರ್, ಅದು ಕುರೂಪಿಯೆಂದು ಹೇಸಿ, ಮಲಗುವ ಕೋಣೆಗೆ ಓಡಿಹೋಗುತ್ತಾನೆ. ಆ ಜೀವ ಹುಡುಕಿಕೊಂಡು ಬರುತ್ತದೆ. ಹಾಸಿಗೆಯ ಪರದೆ ಸರಿಸಿ, ಮಾತು ಬಾರದ ಬಾಯಲ್ಲಿ ಏನೋ ತೊದಲಿ, ನಕ್ಕಂತೆ ಮಾಡಿ, ಒಂದು ಕೈ ಚಾಚುತ್ತದೆ. ಹುಟ್ಟಿ ಕೆಲವೇ ಗಂಟೆಯಾದ ಕೂಸು ಇನ್ನೇನು ಮಾಡುತ್ತದೆ, ಹೇಳಿ? ಅಪ್ಪ ಮೆಟ್ಟಿಲಿಳಿದು ಮನೆಯಿಂದಾಚೆ ಓಡುತ್ತಾನೆ. ಮರುದಿನ ಬಂದು ನೋಡಿದರೆ ಕೋಣೆ ಖಾಲಿ. ಪೀಡೆ ತೊಲಗಿತೆಂದು ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ! ಮಾತಿಲ್ಲದೆ ಅದು ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಹುಡುಕುವುದಿಲ್ಲ.

ಮುಂದೆ ಆಗುವ ಕೊಲೆಗಳೆಲ್ಲ ಈ ಓಟದಿಂದ ಆದವು. ಸಾಯುವವರಲ್ಲಿ ಮೊದಲನೆಯವನು ವಿಕ್ಟರನ ಪುಟ್ಟ ತಮ್ಮ. ಅವನ ಹೆಸರು ವಿಲಿಯಂ. ಮೇರಿಯ ತೊಡೆಯ ಮೇಲಿದ್ದ ಮಗುವಿನದೂ ಅದೇ ಹೆಸರು. ಎಂಥ ಭಯ ಇಟ್ಟುಕೊಂಡು ಬರೆದಳೋ!

ಇದನ್ನು ನಮ್ಮಲ್ಲಿ ಕೆಲವರು ಭಸ್ಮಾಸುರನ ಕಥೆಗೆ ಹೋಲಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಭಸ್ಮಾಸುರ ಬೆಳೆದ ಆಳು, ತಪಸ್ಸು ಮಾಡಿ ವರ ಕೇಳಿ ಪಡೆದವನು. ಇವನು ಏನನ್ನೂ ಕೇಳಿರಲಿಲ್ಲ, ಹುಟ್ಟಿಸು ಎಂದೂ ಕೇಳಿರಲಿಲ್ಲ. ಹೋಲಿಸಲೇಬೇಕಾದರೆ ಕರ್ಣನಿಗೆ ಹೋಲಿಸಿ. ಕುಂತಿ ಮದುವೆಯಾಗದ ಹುಡುಗಿ, ಲೋಕಕ್ಕೆ ಅಂಜಿ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಕೊನೆಗಾದರೂ ಹೋಗಿ ಮಗನ ಮುಂದೆ ನಿಂತಳು. ಆದರೂ ಅವಳನ್ನು ನಾವು ಬಿಟ್ಟಿದ್ದೇವೆಯೇ? ವಿಕ್ಟರನಿಗೆ ಅಂಜಿಕೆ ಯಾರದು? ದುಡ್ಡಿತ್ತು, ಮನೆಯಿತ್ತು, ಪ್ರೀತಿಸುವ ತಂದೆಯಿದ್ದ. ಕುಂತಿಯನ್ನು ಬೈಯುವ ಲೋಕ ಇವನನ್ನು ಮಾತ್ರ ಮಹತ್ವಾಕಾಂಕ್ಷೆಯ ವಿಜ್ಞಾನಿ ಎನ್ನುತ್ತದೆ.

ಸಿನಿಮಾದವರು ಇವನನ್ನು ಹೇಗೆ ಕಾಪಾಡಿದರು ನೋಡಿ. 1931ರ ಚಿತ್ರದಲ್ಲಿ ಸಹಾಯಕನೊಬ್ಬ ಕಾಲೇಜಿನಿಂದ ಮಿದುಳು ಕದಿಯಲು ಹೋಗಿ, ಒಳ್ಳೆಯದನ್ನು ಕೈಜಾರಿ ಬೀಳಿಸಿ, ಅಪರಾಧಿಯ ಮಿದುಳನ್ನು ತರುತ್ತಾನೆ. ಪುಸ್ತಕದಲ್ಲಿ ಈ ಕಳ್ಳತನವೂ ಇಲ್ಲ, ಆ ಮಿದುಳೂ ಇಲ್ಲ. ಈ ಒಂದು ಜೋಡಣೆಯಿಂದ ತಪ್ಪೆಲ್ಲ ಅಪ್ಪನಿಂದ ಮಗನಿಗೆ ವರ್ಗವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು, ಏನು ಮಾಡೋಣ ಎಂದು ಕೈತೊಳೆದುಕೊಂಡಂತಾಯಿತು.

ಇನ್ನೊಂದು ಕೇಳಿ. ಪುಸ್ತಕದಲ್ಲಿ ಆ ಜೀವ ಕಾಡಿನಲ್ಲಿ ಹೋಗುತ್ತಿರುವಾಗ ಹುಡುಗಿಯೊಬ್ಬಳು ಕಾಲುಜಾರಿ ಹೊಳೆಗೆ ಬೀಳುತ್ತಾಳೆ. ಅವನು ಸೆಳೆತಕ್ಕೆ ಹಾರಿ ಅವಳನ್ನು ದಡಕ್ಕೆ ಎಳೆಯುತ್ತಾನೆ. ಜೊತೆಗಿದ್ದವನು ಬಂದು ಅವಳನ್ನು ಕಿತ್ತುಕೊಂಡು, ಅವನಿಗೇ ಗುಂಡು ಹೊಡೆಯುತ್ತಾನೆ. ಸಿನಿಮಾದಲ್ಲಿ? ಹೂವಿನಂತೆ ತೇಲುತ್ತಾಳೆಂದುಕೊಂಡು ಪುಟ್ಟ ಹುಡುಗಿಯನ್ನು ಅವನೇ ಕೊಳಕ್ಕೆ ಎಸೆಯುತ್ತಾನೆ, ಅವಳು ಮುಳುಗುತ್ತಾಳೆ. ಬದುಕಿಸಿದವನನ್ನು ಕೊಂದವನನ್ನಾಗಿ ಮಾಡಿದರು. ಅವನ ಮಾತನ್ನೂ ಕಿತ್ತುಕೊಂಡರು. ಕಾರ್ಲಾಫ್ ಆ ಚಿತ್ರದಲ್ಲಿ ಬರೀ ಗುರುಗುಟ್ಟುತ್ತಾನೆ. ಪುಸ್ತಕದಲ್ಲಿ ಅವನು ಒಂದು ಬಡ ಕುಟುಂಬದ ಗುಡಿಸಲಿಗೆ ಹೊಂದಿದ ಕೊಟ್ಟಿಗೆಯಲ್ಲಿ ಅಡಗಿ ಕೂತು, ಗೋಡೆಯ ಸಂದಿನಿಂದ ನೋಡಿ ನೋಡಿ ಭಾಷೆ ಕಲಿಯುತ್ತಾನೆ. ರಾತ್ರಿ ಅವರಿಗೆ ಸೌದೆ ಒಡೆದು ತಂದಿಡುತ್ತಾನೆ. ಒಳಗೆ ಪರದೇಶದ ಒಬ್ಬ ಹುಡುಗಿಗೆ ಪಾಠ ನಡೆಯುತ್ತಿದ್ದರೆ ಹೊರಗೆ ಇವನೂ ಕಲಿಯುತ್ತಾನೆ. ಮಿಲ್ಟನ್ನನನ್ನೂ ಪ್ಲೂಟಾರ್ಕನನ್ನೂ ಓದುತ್ತಾನೆ. ಮೊದಲು ಮಾತಾಡಿಸಲು ಆರಿಸಿಕೊಂಡದ್ದು ಆ ಮನೆಯ ಕುರುಡ ಮುದುಕನನ್ನು, ತನ್ನ ಮುಖ ಕಾಣುವುದಿಲ್ಲವೆಂದು. ಉಳಿದವರು ಬಂದು ಕೋಲಿನಿಂದ ಹೊಡೆಯುತ್ತಾರೆ. ಮೂವತ್ತೈದು ವರ್ಷ ಹತ್ತಿರ ಕಳೆದರೂ ನನಗೆ ಆ ಪುಟ ಓದಲಾಗುವುದಿಲ್ಲ.

ಬರೆದವಳಿಗಾದರೂ ನ್ಯಾಯ ಸಿಕ್ಕಿತೆ? 1818ರಲ್ಲಿ 500 ಪ್ರತಿ ಅಚ್ಚಾದಾಗ ಅವಳ ಹೆಸರೇ ಇರಲಿಲ್ಲ. ಮುನ್ನುಡಿ ಗಂಡನದಾಗಿತ್ತು, ಪುಸ್ತಕವೂ ಅವನದೇ ಎಂದು ಹಲವರು ನಂಬಿದರು. 1823ರ ಎರಡನೇ ಮುದ್ರಣದಲ್ಲಿ ಹೆಸರು ಬಂತು. ಮತ್ತೆ ನೂರು ವರ್ಷದ ಮೇಲೆ, ಆ 1931ರ ಚಿತ್ರದ ಶೀರ್ಷಿಕೆಗಳಲ್ಲಿ ಏನು ಹಾಕಿದರು ಗೊತ್ತೆ? ಮಿಸೆಸ್ ಪರ್ಸಿ ಬಿ. ಶೆಲ್ಲಿಯವರ ಕಾದಂಬರಿ ಎಂದು. ಅವಳದೇ ಪುಸ್ತಕಕ್ಕೆ ಗಂಡನ ಹೆಸರು! "ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್" ಎಂದು ಚಿತ್ರದ ಹೆಸರಿನಲ್ಲೇ ಅವಳನ್ನು ಸೇರಿಸಲು 1994ರಲ್ಲಿ ಕೆನೆತ್ ಬ್ರಾನಾ ಬರಬೇಕಾಯಿತು.

"ಪುಸ್ತಕ ಬೇರೆ, ಸಿನಿಮಾ ಬೇರೆ, ನಿಮ್ಮದು ಮೇಡಂ ಬುದ್ಧಿ" ಎಂದು ನಮ್ಮ ಮನೆಯವರು ನಗುತ್ತಾರೆ. ಬೇರೆ ಎಂದು ನನಗೂ ಗೊತ್ತು. 1971ರಲ್ಲಿ ಪುಟ್ಟಣ್ಣ ಕಣಗಾಲರು 'ಶರಪಂಜರ' ಮಾಡಿದಾಗ ನಮ್ಮ ತಾಯಂದಿರು ಅದನ್ನು ತ್ರಿವೇಣಿಯವರ ಕಥೆ ಎಂದೇ ನೋಡಿ ಬಂದರು. ತೆರೆಗೆ ಬರುವಾಗ ಹಾಡು ಸೇರಲಿ, ದೃಶ್ಯ ಸೇರಲಿ. ಹೆಂಗಸಿನ ನೋವು ಎಲ್ಲಿತ್ತೋ ಅಲ್ಲೇ ಉಳಿಯಿತು. ನಾನು ಕೇಳುವುದೂ ಅಷ್ಟೆ. ಅಂಗಿ ಬದಲಿಸಿ, ಕರುಳು ಬದಲಿಸಬೇಡಿ.

2025ರ ಸಿನಿಮಾಕ್ಕೆ ಬರೋಣ. ಮೆಕ್ಸಿಕೋದ ಗಿಯೆರ್ಮೋ ಡೆಲ್ ಟೋರೋ ಮಾಡಿದ್ದು. ಮಗಳ ಮನೆಯ ಟಿವಿಯಲ್ಲಿ, ಜಗಳಕ್ಕೆ ಸೆರಗು ಕಟ್ಟಿಕೊಂಡೇ ನೋಡಲು ಕೂತೆ. ಅನ್ಯಾಯದ ಮಾತು ಆಡಬಾರದು, ಈತ ಆ ಜೀವಕ್ಕೆ ಮಾತು ವಾಪಸು ಕೊಟ್ಟಿದ್ದಾನೆ. ಅರ್ಧ ಕಥೆಯನ್ನು ಅವನ ಬಾಯಿಂದಲೇ ಹೇಳಿಸಿದ್ದಾನೆ. ಇಲ್ಲಿ ವಿಕ್ಟರ್ ತಕ್ಷಣ ಓಡುವುದಿಲ್ಲ. ಸರಪಳಿ ಹಾಕಿ ಇಟ್ಟುಕೊಂಡು ಕಲಿಸಲು ನೋಡುತ್ತಾನೆ. ಅದು ಕಲಿತ ಮಾತು ಒಂದೇ, "ವಿಕ್ಟರ್". ಎಷ್ಟು ಹೇಳಿಕೊಟ್ಟರೂ ಅದೇ. ಇವನಿಗೆ ತಾಳ್ಮೆ ಕೆಡುತ್ತದೆ, ಹೊಡೆಯುತ್ತಾನೆ, ದಡ್ಡ ಎಂದು ತೀರ್ಮಾನಿಸಿ ಕೊನೆಗೆ ಕಟ್ಟಡಕ್ಕೇ ಬೆಂಕಿ ಹಾಕುತ್ತಾನೆ. ಆ ದೃಶ್ಯ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದೆ.

ಯಾಕೆಂದರೆ ನನಗೊಬ್ಬ ಹುಡುಗ ನೆನಪಾದ. ಇಪ್ಪತ್ತು ವರ್ಷದ ಹಿಂದಿನ ಮಾತು. ಎಂಟನೇ ತರಗತಿಗೆ ಬಂದಿದ್ದ, ಓದಲು ತಡವರಿಸುತ್ತಿದ್ದ, ಎಲ್ಲರೊಂದಿಗೂ ಹೊಡೆದಾಟ. ಒಂದಷ್ಟು ದಿನ ಕಲಿಸಿದೆ. ಅರವತ್ತು ಮಕ್ಕಳ ತರಗತಿ, ತಾಳ್ಮೆ ಕೆಟ್ಟಿತು. ದಿನಾ ಹೊರಗೆ ನಿಲ್ಲಿಸತೊಡಗಿದೆ. ಒಂದು ದಿನ ಸಮಾಜ ಪಾಠದಲ್ಲಿ ಮೊದಲನೇ ಪಾಣಿಪತ್ ಯುದ್ಧ ಯಾವಾಗ ಎಂದು ಕೇಳಿದೆ. ಒಳಗೆ ಯಾರೂ ಹೇಳಲಿಲ್ಲ. ಕಿಟಕಿಯಾಚೆಯಿಂದ "1526" ಎಂದಿತು ಒಂದು ದನಿ. ನಾನೇನು ಮಾಡಿದೆ? "ನಿನ್ನ ಕೇಳಿದ್ರಾ? ಬಾಯಿ ಮುಚ್ಚು" ಎಂದು ಗದರಿದೆ. ಇಡೀ ತರಗತಿ ನಕ್ಕಿತು. ಆಮೇಲೆ ಅವನ ತಾಯಿ ಬಂದಾಗ, ಅವನಿಗೆ ವಿದ್ಯೆ ಹತ್ತೋದಿಲ್ಲಮ್ಮ, ಹುಟ್ಟುಗುಣ, ಬೇರೆ ಶಾಲೆ ನೋಡಿಕೊಳ್ಳಿ ಎಂದುಬಿಟ್ಟೆ. "ನೀವೇ ಹಿಂಗಂದ್ರೆ ಇನ್ಯಾರ ಹತ್ರ ಕರ್ಕೊಂಡು ಹೋಗ್ಲಿ ಮೇಡಮ್ಮೋರೆ?" ಎಂದಳು ಆಕೆ. ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಆ ದಿನ ಸ್ಟಾಫ್ ರೂಮಿನಲ್ಲಿ ನಾನೂ ನಿಟ್ಟುಸಿರು ಬಿಟ್ಟೆ. ಚಪ್ಪಾಳೆ ತಟ್ಟಲಿಲ್ಲ, ಅಷ್ಟೇ ವ್ಯತ್ಯಾಸ. ಇಂಥ ಪುಸ್ತಕ ಓದಿ ಅತ್ತವಳೇ ಹೀಗೆ ಮಾಡಿದ್ದು. ಅಪರಾಧಿ ಮಿದುಳಿನ ಕಥೆ ಜನರಿಗೆ ಏಕೆ ಹಿತ ಎಂದು ಆಗ ಗೊತ್ತಾಯಿತು. ಅದನ್ನು ನಂಬಿದರೆ ರಾತ್ರಿ ನಿದ್ದೆ ಬರುತ್ತದೆ.

ಅದಕ್ಕೇ ಡೆಲ್ ಟೋರೋನ ಕೊನೆಯ ದೃಶ್ಯದ ಮೇಲೆ ನನಗೆ ಸಿಟ್ಟು. ಸಾಯುವ ಮುನ್ನ ಅಪ್ಪ ತಪ್ಪೊಪ್ಪಿಕೊಳ್ಳುತ್ತಾನೆ, ಮಗನೇ ಎನ್ನುತ್ತಾನೆ, ಮಗ ಕ್ಷಮಿಸುತ್ತಾನೆ. ಮಗಳು ಕಣ್ಣೊರೆಸಿಕೊಂಡಳು. ಮೇರಿ ಶೆಲ್ಲಿ ಇಂಥ ಸುಲಭದ ಸಮಾಧಾನ ಕೊಡಲಿಲ್ಲ. ಅವಳ ವಿಕ್ಟರ್ ಸಾವಿನ ಹಾಸಿಗೆಯಲ್ಲಿ ತನ್ನ ಹಿಂದಿನ ನಡತೆಯನ್ನೆಲ್ಲ ಯೋಚಿಸಿ, ತನ್ನದು ತಪ್ಪಿಲ್ಲ ಎಂದುಕೊಂಡೇ ಸಾಯುತ್ತಾನೆ. ಹೆಣದ ಮುಂದೆ ನಿಂತು ಅಳುವವನು, ಕ್ಷಮೆ ಕೇಳುವವನು, ಬೀದಿಪಾಲಾದ ಆ ಮಗ. ಹತ್ತೊಂಬತ್ತರ ಹುಡುಗಿಗೆ ಲೋಕ ಹೇಗೆ ನಡೆಯುತ್ತದೆಂದು ಅಷ್ಟು ಗೊತ್ತಿತ್ತು. ನಾವು ಕೈಬಿಟ್ಟವರು ನಮ್ಮ ಕೊನೆಗಾಲಕ್ಕೆ ಸರಿಯಾಗಿ ಬಂದು ಕ್ಷಮಿಸಿ ಹೋಗುವುದಿಲ್ಲ. ನನ್ನ ಹುಡುಗನೂ ಬಂದಿಲ್ಲ.

ಮುಂದಿನ ಸಿನಿಮಾ ಯಾರು ಮಾಡುತ್ತಾರೋ ಮಾಡಲಿ. ಬಂದ ದಿನ ನಾನಂತೂ ನೋಡುತ್ತೇನೆ. ನೀವೂ ನೋಡಿ. ಹೊಲಿಗೆ ಎಷ್ಟು, ಮುಖ ಹೇಗೆ ಎಂದು ಎಣಿಸಬೇಡಿ. ಆ ಜೀವ ಕಣ್ಣು ತೆರೆದು ಅಪ್ಪ ಕೋಣೆಯಿಂದ ಓಡುತ್ತಾನಲ್ಲ, ಆಗ ಕ್ಯಾಮರಾ ಯಾರ ಜೊತೆ ಹೋಗುತ್ತದೆ ನೋಡಿ. ಓಡಿದವನ ಹಿಂದೆಯೋ, ಕತ್ತಲಲ್ಲಿ ಕೈ ಚಾಚಿಕೊಂಡು ನಿಂತವನ ಹತ್ತಿರವೋ. ಅಷ್ಟು ನೋಡಿದರೆ ಸಾಕು, ಅವರು ಪುಸ್ತಕ ಓದಿದ್ದಾರೋ ಇಲ್ಲವೋ ತಿಳಿಯುತ್ತದೆ.